ಬಿಳಿ ದಾರ

ಮುಹರ್ರಕ್ಕಿನ ಆ ಓಣಿ ಎಷ್ಟು ಇಕ್ಕಟ್ಟೆಂದರೆ
ಎದುರು ಬಂದ ಮೀನಿನ ಗಾಡಿಗೆ
ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟೆ.
ನೀಲಿ ಬಾಗಿಲು. ತಟ್ಟುವ ಮೊದಲೇ ತೆರೆಯಿತು.
ಬಾ ಅನ್ನುವುದಕ್ಕೆ ಯಾವ ಭಾಷೆಯಾದರೇನು,
ಕೈ ಒಳಗಡೆಗೇ ಬೀಸುತ್ತದೆ.

ಹಲ್ಲಿನ ಡಾಕ್ಟರು ಜಾಸಿಮ್, ಈಗ ನಿವೃತ್ತ.
ಓದಲು ಹೋದ ರೊಮೇನಿಯಾದ ಯಾಶ್ ಎಂಬ ಊರಿನಿಂದ
ಒಂದು ಸರ್ಟಿಫಿಕೇಟು, ಒಬ್ಬಳು ವಿಯೋರಿಕಾ
ನಲವತ್ತು ವರ್ಷದ ಹಿಂದೆ ತಂದವರು.
ಅವರ ದವಾಖಾನೆಯ ನರ್ಸು ನಮ್ಮ ಚೆಲುವಾಂಬ,
ಮಳವಳ್ಳಿ ಹಾಸ್ಟೆಲಿನಲ್ಲಿ ಏಳು ವರ್ಷ
ನನ್ನ ಕೈಯ ಮುದ್ದೆ ನುಂಗಿದ ಹುಡುಗಿ.
'ರಿಟೈರಾದೆಯಲ್ಲ, ಬಾ, ಟಿಕೆಟ್ಟು ನನ್ನದು' ಅಂದಳು.
ಬಂದೆ. ಕೋಟೆ ನೋಡಿದೆ, ಸಮುದ್ರ ನೋಡಿದೆ,
ಮೂರನೆಯ ದಿನಕ್ಕೆ ಕೈ ತುರಿಸತೊಡಗಿತು.
'ಯಾರದಾದರೂ ಅಡುಗೆಮನೆ ತೋರಿಸೇ' ಅಂದೆ.

ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಡ್ರಮ್ಮು,
ಉಪ್ಪುನೀರಲ್ಲಿ ಮುಳುಗಿದ ಇಡಿಯ ಎಲೆಕೋಸುಗಳು.
ಅವಳ ತವರಿನಲ್ಲಿ ಹುಳಿಯೇಳಲು ವಾರಗಟ್ಟಲೆ ಕಾಯಬೇಕಂತೆ,
ಹೊರಗೆ ಹಿಮ.
ಇಲ್ಲಿ ಆರು ದಿನ ಸಾಕು,
ಏಳನೆಯ ದಿನ ಅದು ಮಾತು ಕೇಳುವುದಿಲ್ಲ.
ವಿಯೋರಿಕಾ ಅರಬ್ಬಿಯಲ್ಲಿ ಹೇಳಿದ್ದೆಲ್ಲ
ಚೆಲುವಾಂಬನ ಬಾಯಲ್ಲಿ ಮಳವಳ್ಳಿಯಾಗಿ ಬಂತು:
ಎಲೆಯ ನಡುನರ ಹೆರಿ,
ಕೈಮ, ಅಕ್ಕಿ, ಸಬ್ಬಸಿಗೆ ಅಂಗೈಯಲ್ಲಿಟ್ಟು ಸುತ್ತು,
ತುದಿಯನ್ನು ಕಿರುಬೆರಳಿಂದ ಒಳಗೆ ಒತ್ತು.
ಅಲ್ಲಿ ಹಂದಿ, ಇಲ್ಲಿ ಕುರಿ.
ಹುಳಿ ಸಾಲದಿದ್ದರೆ ಎರಡು ಕಪ್ಪು ಒಣನಿಂಬೆ,
ಚುಚ್ಚಿ ಹಾಕು; ಇದು ಅತ್ತೆ ಕಲಿಸಿದ್ದು,
ಅತ್ತೆ ಸತ್ತ ಮೇಲೆ ಬಿಡಲು ಮನಸ್ಸಾಗಲಿಲ್ಲ.

'ಸರ್ಮಾಲೆ' ಅಂದಳು.
'ಸರಮಾಲೆ' ಅಂದೆ.
ಯಾರೂ ತಿದ್ದಲಿಲ್ಲ. ಪಾತ್ರೆಯ ತಳದಲ್ಲಿ
ಸುತ್ತಿಗೆ ಸುತ್ತು ಜೋಡಿಸಿದಾಗ ಹಾಗೇ ಕಂಡಿತು.
ನನ್ನ ಸುರುಳಿಗಳು ಮಾತ್ರ ದಪ್ಪ.
ಇನ್ನೂರು ಮಕ್ಕಳಿಗೆ ಬಡಿಸಿದ ಕೈ,
ನಾಲ್ಕು ಜನರ ಲೆಕ್ಕ ಅದಕ್ಕೆ ಬರುವುದಿಲ್ಲ.
ಒಂದು ಮಾತಾಡದೆ ವಿಯೋರಿಕಾ
ನನ್ನದನ್ನು ಬಿಚ್ಚಿ, ಅರ್ಧ ತೆಗೆದು
ಎಲೆ ವಾಪಸು ಅಂಗೈಯಲ್ಲಿಟ್ಟಳು.

ಆಮೇಲೆ ಮೆಕ್ಕೆಜೋಳದ ಹಿಟ್ಟು, ಕುದಿಯುವ ನೀರು,
ಮೂಲೆಯಿಂದ ಒಂದು ಕೋಲು.
ಕೋಲು ಕಂಡದ್ದೇ ತಡ, ಎದ್ದೆ.
ಪಾತ್ರೆಯನ್ನು ನೆಲಕ್ಕಿಳಿಸಿ
ಮಡಿಸಿದ ಬಟ್ಟೆಯಿಟ್ಟು ಎರಡು ಪಾದದಿಂದ ಅಮುಕಿ
ಸೊಂಟದಿಂದ ತಿರುವಿದೆ.
ಡಾಕ್ಟರು ಬಾಗಿಲಿಗೆ ಬಂದು ನಿಂತರು.
ವಿಯೋರಿಕಾ ಬಗ್ಗಿ ಹುಡುಕಿದಳು,
ಒಂದೇ ಒಂದು ಗಂಟು ಸಿಗಲಿ ಎಂದು.
ಸಿಗಲಿಲ್ಲ.

ಹಲಗೆಯ ಮೇಲೆ ಕವುಚಿದ ಹಳದಿ ರಾಶಿ, ಹಬೆ.
ಉಂಡೆ ಕಟ್ಟಲು ಕೈ ಒದ್ದೆ ಮಾಡಿಕೊಂಡೆ,
ಅವಳು ಅಡ್ಡ ಬಂದು
ಬಿಳಿ ದಾರ ಎಳೆದು ಹಿಡಿದು
'ತಾಯೆ!' ಅಂದಳು.
ಬೆಚ್ಚಿದೆ.
'ತಾಯೆ, ತಾಯೆ!'
ಮೂವತ್ತು ವರ್ಷ ಅಡುಗೆ ಆಂಟಿ ಅನ್ನಿಸಿಕೊಂಡವಳು ನಾನು.
ಮನೆಯಲ್ಲೂ ಹಾಗೆ ಕರೆಯುವವರು ಹುಟ್ಟಲಿಲ್ಲ.
'ಏನವ್ವಾ?' ಅಂದಾಗ ಗಂಟಲು ನನ್ನದಾಗಿರಲಿಲ್ಲ.
ಚೆಲುವಾಂಬ ಚೆಲುವಾಂಬನನ್ನೇ ಕೇಳುವ ಹಾಗೆ ನೋಡಿದಳು,
ಅದು ಅರಬ್ಬಿಯಲ್ಲ.
ಡಾಕ್ಟರು ನಕ್ಕರು: 'ಕೊಯ್ಯಿ ಅಂತ.
ಅವಳ ಭಾಷೆಯಲ್ಲಿ ತಾಯೆ ಅಂದರೆ ಕೊಯ್ಯಿ.
ಕೋಲು ಕಂಡರೆ ಅವಳು ಊರಿಗೆ ಹೋಗಿಬಿಡುತ್ತಾಳೆ.'

ಕೊಯ್ದೆ. ದಾರ ಸದ್ದಿಲ್ಲದೆ ಇಳಿಯಿತು.
ಸಾರಿನಲ್ಲಿ ಅದ್ದಿ ಅಗಿಯದೆ ನುಂಗಿದ್ದಕ್ಕೆ
ಡಾಕ್ಟರಿಗೆ ಗಾಬರಿ: 'ಹಲ್ಲು ನೋವೇ?'

ಶುಕ್ರವಾರ ನನ್ನ ಸರದಿ.
ಚೆಲುವಾಂಬನ ಡಬ್ಬದಿಂದ ರಾಗಿ ಹಿಟ್ಟು,
ಅದೇ ಪಾತ್ರೆ, ಅದೇ ಕೋಲು, ಒಣನಿಂಬೆಯ ಬಸ್ಸಾರು.
ಕರಿಯ ಉಂಡೆ ತಟ್ಟೆಯಲ್ಲಿಟ್ಟು, ಬೆಣ್ಣೆ ಹಚ್ಚಿ
ಮುಂದೆ ಸರಿಸಿದೆ.
ಅವಳು ಸುಮ್ಮನೆ ನೋಡುತ್ತ ಕೂತಿದ್ದಳು.
'ತಿನ್ನು ತಾಯೀ' ಅಂದೆ.

ವಿಯೋರಿಕಾ ಎದ್ದು
ದಾರ ಹುಡುಕಿದಳು.